ಮುಂದಿನ ವರ್ಷ ಎಂ.ಎ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಫೋಟೋದವರು’ ಎಂದು. ನಾಯಿ, ಬೆಕ್ಕು, ಮೊಲಗಳನ್ನು ಎದೆಗವಚಿಕೊಂಡು ಬಂದವರು ಬಾಗಿಲಲ್ಲಿ ಇಣುಕಿ, “ಫೋಟೋದವರು ಇದಾರಾ?” ಎಂದು ಕೇಳುತ್ತಿದ್ದರು. ಮೊದಮೊದಲು ಅವನು “ನಾನು ಎಕ್ಸ್-ರೇ ಟೆಕ್ನಿಶಿಯನ್” ಎಂದು ತಿದ್ದುತ್ತಿದ್ದ. ಆಮೇಲೆ ಕೈಬಿಟ್ಟ. ನಾಯಿಯ ಕಾಲು ಮುರಿದು ಜೋತಾಡುತ್ತಿರುವಾಗ ಹುದ್ದೆಯ ಹೆಸರು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿರುತ್ತದೆ?

ಈ ಫೋಟೋದವರಿಗೆ ಒಂದು ಆಸೆ ಇತ್ತು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಬೇಕು. ಈ ಆಸೆಯನ್ನು ಹೇಳಿಕೊಳ್ಳುವಾಗಲೆಲ್ಲ ಎದುರಿನವರು ನಕ್ಕುಬಿಟ್ಟಾರೆಂದು ಅವನೇ ಮೊದಲು ನಗುತ್ತಿದ್ದ. ಹೀಗಾಗಿ ಅದು ತಮಾಷೆಯೋ ನಿಜವೋ ಎಂಬುದು ಕೇಳಿದವರಿಗೂ ಗೊತ್ತಾಗುತ್ತಿರಲಿಲ್ಲ, ಕ್ರಮೇಣ ಅವನಿಗೂ ಗೊತ್ತಾಗದಂತಾಗಿತ್ತು.

ಆಸೆ ಹುಟ್ಟಿದ್ದು ಎಕ್ಸ್-ರೇ ಕೋಣೆಯಲ್ಲೇ. ಅದು ಕಿಟಕಿಯಿಲ್ಲದ ಕೋಣೆ. ಬಾಗಿಲ ಮೇಲೊಂದು ಕೆಂಪು ದೀಪ, ನಡುವೆ ತಣ್ಣನೆಯ ಉದ್ದ ಮೇಜು, ಮೂಲೆಯಲ್ಲಿ ಪ್ರಾಣಿಗಳ ಕಾಲಿಗೆ ಭಾರ ಹೇರುವ ಮರಳಿನ ಪುಟ್ಟ ಚೀಲಗಳು. ಮೊಳೆಗೆ ನೇತುಹಾಕಿದ, ಕಿರಣ ತಡೆಯುವ ಸೀಸದ ಏಪ್ರನ್ನು ಎಷ್ಟು ಭಾರವೆಂದರೆ ತೊಟ್ಟವರ ಭುಜ ತಾನಾಗಿ ಇಳಿದುಬಿಡುತ್ತಿತ್ತು. ಗಾಬರಿಯಾದ ಪ್ರಾಣಿಯನ್ನು ಸಾಕಿದವರೇ ಏಪ್ರನ್ ತೊಟ್ಟು ಹಿಡಿದುಕೊಳ್ಳಬೇಕಾಗುತ್ತಿತ್ತು. ಹಿಡಿದುಕೊಂಡವರು ಸುಮ್ಮನಿರುತ್ತಿರಲಿಲ್ಲ, ಮಾತಾಡುತ್ತಿದ್ದರು. ಆ ಮಾತು ಕೇಳಿಯೇ ಅವನ ಕಿವಿ ನೆಟ್ಟಗಾಗಿದ್ದು.

ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಬೆವರಿಳಿಸುತ್ತಿದ್ದ ಗುತ್ತಿಗೆದಾರರು ಒಳಗೆ ಬಂದು ಬೆಕ್ಕಿನ ಕಿವಿಯ ಹತ್ತಿರ ಬಗ್ಗಿ, “ನಾನಿದೀನಲ್ಲ ಪುಟ್ಟಿ, ಯಾಕೆ ಭಯ, ಹ್ಞಾಂ?” ಎನ್ನುತ್ತಿದ್ದರು. ಒಬ್ಬ ಹಿರಿಯ ಹೆಂಗಸು ಮುದಿ ನಾಯಿಗೆ “ಬನ್ನಿ, ಮಲಕ್ಕೊಳ್ಳಿ, ಕಾಲು ನೀಡಿ” ಎಂದು ಬಹುವಚನದಲ್ಲಿ ಉಪಚರಿಸಿ, ಪಕ್ಕದಲ್ಲಿದ್ದ ಗಂಡನಿಗೆ “ಆ ಕಡೆ ನಿಂತ್ಕೊ” ಎಂದರು. ಒಮ್ಮೆ ಮಾತು ಬಿಟ್ಟಿದ್ದ ಗಂಡ-ಹೆಂಡತಿ ಒಂದೇ ನಾಯಿಯನ್ನು ಎರಡು ತುದಿಯಿಂದ ಹಿಡಿದುಕೊಂಡಿದ್ದರು. “ಅಪ್ಪಂಗೆ ಹೇಳು ಚಿನ್ನ, ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳೋಕೆ” ಎಂದಳು ಅವಳು. “ಅಮ್ಮಂಗೆ ಹೇಳು, ನಂಗೆ ಗೊತ್ತಿದೆ ಅಂತ” ಎಂದ ಅವನು. ನಾಯಿ ಇಬ್ಬರ ಮುಖವನ್ನೂ ನೋಡಿತು. ಫೋಟೋ ಎರಡು ಸಲ ಅಲ್ಲಾಡಿ ಹೋಯಿತು, ಅಲ್ಲಾಡಿದ್ದು ನಾಯಿಯಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವನು ಇವನ್ನೆಲ್ಲ ಹೆಂಡತಿಗೂ ಅತ್ತೆಗೂ ಹೇಳುತ್ತಿದ್ದ. ಮನುಷ್ಯರು ಮನುಷ್ಯರ ಜೊತೆ ಆಡದ ಮಾತನ್ನು ಪ್ರಾಣಿಗಳ ಜೊತೆ ಆಡುತ್ತಾರೆ, ಆ ಮಾತಿಗೆ ಬೇರೆಯದೇ ವ್ಯಾಕರಣ ಇರುವ ಹಾಗಿದೆ ಎನ್ನುತ್ತಿದ್ದ. ಇಂಥದ್ದನ್ನೂ ಓದುವ ಶಾಸ್ತ್ರವೊಂದಿದೆ, ಅದು ತನ್ನೂರಿನ ವಿಶ್ವವಿದ್ಯಾಲಯದಲ್ಲೇ ಇದೆ, ಯಾವ ಪದವಿ ಇದ್ದವರೂ ಅರ್ಜಿ ಹಾಕಬಹುದು ಎಂದು ತಿಳಿದ ದಿನ ಅವನಿಗೆ ನಿದ್ದೆ ಹತ್ತಲಿಲ್ಲ. ಮರುದಿನವೇ ಮನೆಯಲ್ಲಿ ಘೋಷಣೆಯಾಯಿತು: ಮುಂದಿನ ವರ್ಷ ಎಂ.ಎ.

ಆ ‘ಮುಂದಿನ ವರ್ಷ’ಕ್ಕೆ ಆಮೇಲೆ ವಯಸ್ಸಾಗತೊಡಗಿತು.

ಅವನು ಸುಮ್ಮನೆ ಕೂತಿದ್ದ ಎನ್ನಬಾರದು. ತಯಾರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಓದಲು ಮೇಜು ಬೇಕೆಂದು ಮೇಜು ತಂದ. ಮೇಜಿಗೆ ದೀಪ ಬೇಕೆಂದು ದೀಪ ತಂದ. ದೀಪದ ಬೆಳಕು ಎಡಗಡೆಯಿಂದ ಬೀಳಬೇಕೆಂದು ಎಲ್ಲೋ ಓದಿ ಕೋಣೆಯ ಮಂಚವನ್ನೇ ತಿರುಗಿಸಿದ. ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಅಚ್ಚುಕಟ್ಟಾಗಿ ಹೊಲಿಸಿಟ್ಟ. ಅರ್ಜಿಯ ಕೊನೆಯ ದಿನ ಯಾವುದು, ಯಾವ ಮೇಷ್ಟ್ರ ಪಾಠ ಚೆನ್ನ, ಯಾವ ಪುಸ್ತಕದಲ್ಲಿ ಯಾವ ಅಧ್ಯಾಯ ಬಿಡಬಹುದು ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಹೆಂಡತಿಯ ತಮ್ಮ ಮುಂದೇನು ಓದಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅವನನ್ನು ಆ ಮೇಜಿನ ಮುಂದೆ ಕೂರಿಸಿ, ಆ ದೀಪ ಹಚ್ಚಿ, ಅರ್ಜಿ ಹಾಕಿಸಿದವನೂ ಅವನೇ. ಭಾವಮೈದ ಎಂ.ಎ. ಮುಗಿಸಿ ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಬಂದಾಗಲೆಲ್ಲ “ಎಲ್ಲ ಭಾವನ ಕೃಪೆ” ಎನ್ನುತ್ತಿದ್ದ. ಭಾವ ಹಲ್ಲು ಬಿಟ್ಟು ನಗುತ್ತಿದ್ದರು. ಒಳಗೆ ಏನೋ ಚುರುಕ್ಕೆನ್ನುತ್ತಿತ್ತು. ಬೇರೆಯವರನ್ನು ಬಸ್ಸು ಹತ್ತಿಸಿ ತಾನು ನಿಲ್ದಾಣದಲ್ಲೇ ಉಳಿದು ಕೈಬೀಸುವ ಕಲೆಯಲ್ಲಿ ತನಗೆ ಆಗಲೇ ಡಾಕ್ಟರೇಟ್ ಆಗಿದೆ ಎಂದು ಅವನು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ.

ಯಾಕೆ ಅರ್ಜಿ ಹಾಕಲಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು. ಪಾಠ ಬೆಳಗ್ಗೆ, ಕೆಲಸವೂ ಬೆಳಗ್ಗೆ. ಈ ಉತ್ತರ ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ ಅದಕ್ಕೆ ಒರಗಿಕೊಂಡು ಎಷ್ಟು ವರ್ಷ ಬೇಕಾದರೂ ನಿಲ್ಲಬಹುದಿತ್ತು.

ಒಂದು ದಿನ ಡಾಕ್ಟರಮ್ಮ ಆ ಗೋಡೆಯನ್ನೇ ಕೆಡವಿಬಿಟ್ಟರು. ಆಸ್ಪತ್ರೆಯ ಮುಖ್ಯಸ್ಥೆ ಅವರು. ಮಾತು ಕಡಿಮೆ, ಮಾತಾಡುವಾಗಲೂ ಕೈಯಲ್ಲಿ ಯಾವುದಾದರೂ ಪ್ರಾಣಿಯ ಕತ್ತೋ ಕಾಲೋ ಇರುತ್ತಿತ್ತು. ಅವತ್ತು ಆಮೆಯೊಂದನ್ನು ಮಗುಚಿ ನೋಡುತ್ತಾ, “ಮುಂದಿನ ತಿಂಗಳಿಂದ ಎಕ್ಸ್-ರೇ ಎರಡು ಪಾಳಿ. ಇನ್ನೊಬ್ಬರನ್ನ ತಗೊಂಡಿದೀವಿ, ಅವರು ಬೆಳಗ್ಗೆ. ನೀವು ಮಧ್ಯಾಹ್ನದಿಂದ. ನಿಮ್ಮ ಓದಿಗೂ ಅನುಕೂಲ ಆಗತ್ತಲ್ಲ, ಯಾವಾಗ್ಲೂ ಹೇಳ್ತಿರ್ತೀರಿ” ಎಂದರು.

ಅವನ ಎದೆ ಧಸಕ್ಕೆಂದಿತು. ಮುಖದಲ್ಲಿ ಮಾತ್ರ ಕೃತಜ್ಞತೆ ತುಂಬಿಕೊಂಡು, “ತುಂಬಾ ಉಪಕಾರ ಆಯ್ತು ಮೇಡಂ” ಎಂದ.

ಮನೆಗೆ ಬಂದು ಈ ಸುದ್ದಿಯನ್ನು ಹೇಗಾದರೂ ಮುಚ್ಚಿಡಬಹುದೇ ಎಂದು ಯೋಚಿಸಿದ. ಪಾಳಿ ಬದಲಾದದ್ದನ್ನು ಹೆಂಡತಿಯಿಂದ ಮುಚ್ಚಿಡಬೇಕಾದರೆ ದಿನಾ ಬೆಳಗ್ಗೆ ಎದ್ದು ಎಲ್ಲಾದರೂ ಹೋಗಿ ಕೂರಬೇಕಾಗುತ್ತದೆ, ಅದಕ್ಕಿಂತ ಎಂ.ಎ. ಮಾಡುವುದೇ ಸುಲಭ ಎನ್ನಿಸಿ ಹೇಳಿಬಿಟ್ಟ.

ಅವನ ಹೆಂಡತಿ ಈಜುಕೊಳದಲ್ಲಿ ದೊಡ್ಡವರಿಗೆ ಈಜು ಕಲಿಸುವವಳು. ನೀರಿನ ಗದ್ದಲದ ನಡುವೆ ಕೂಗಿ ಕೂಗಿ ಅವಳ ದನಿ ಮನೆಯಲ್ಲೂ ಒಂದು ಸುತ್ತು ಜೋರಾಗಿಯೇ ಇರುತ್ತಿತ್ತು. ಸುದ್ದಿ ಕೇಳಿದವಳೇ ಟವೆಲ್ ಹಿಂಡುವುದನ್ನು ನಿಲ್ಲಿಸಿದಳು.

“ಸರಿ ಹಾಗಾದ್ರೆ. ಇನ್ನೇನು ಅಡ್ಡಿ?”

“ಅಡ್ಡಿ ಅಂತ ಅಲ್ಲ. ಸ್ವಲ್ಪ ಯೋಚ್ನೆ ಮಾಡ್ಬೇಕು.”

“ಇಷ್ಟು ವರ್ಷ ಏನ್ ಮಾಡ್ತಿದ್ರಿ?”

“ತಯಾರಿ.”

“ನೋಡ್ರೀ, ನನ್ನ ಹತ್ರ ಬರೋರಲ್ಲಿ ಇಂಥೋರು ಇರ್ತಾರೆ. ಒಳ್ಳೇ ಟೋಪಿ, ಒಳ್ಳೇ ಕನ್ನಡಕ, ಮೈಗೆಲ್ಲ ಎಣ್ಣೆ. ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ನೀರಲ್ಲಿ ಆಡಿಸ್ತಿರ್ತಾರೆ. ಅವರನ್ನ ನಾನು ಬೈಯಲ್ಲ. ಕಾಲು ಆಡಿಸೋಕೇ ಬಂದಿದ್ರೆ ಆಡಿಸ್ಲಿ. ಆದ್ರೆ ಈಜು ಕಲೀತಿದೀನಿ ಅಂತ ಊರಲ್ಲೆಲ್ಲ ಹೇಳ್ಕೊಂಡು ಓಡಾಡಬಾರದು.”

“ನಾನು ಊರಲ್ಲೆಲ್ಲ ಹೇಳಿಲ್ಲ.”

“ನಮ್ಮ ಹಾಲಿನವನಿಗೂ ಗೊತ್ತು” ಎಂದರು ಒಳಗಿಂದ ಅತ್ತೆ.

ಅರ್ಜಿಯ ಜೊತೆ ‘ಈ ವಿಷಯವನ್ನು ಏಕೆ ಓದಬಯಸುತ್ತೀರಿ’ ಎಂದು ಒಂದು ಪುಟ ಬರೆದು ಕೊಡಬೇಕಿತ್ತು. ಭಾವಮೈದನಿಗೆ ಅವನು ಒಂದೇ ಸಂಜೆಯಲ್ಲಿ ಬರೆಸಿಕೊಟ್ಟಿದ್ದ. ತನ್ನದಕ್ಕೆ ಕೂತರೆ ಪೆನ್ನು ಮುಂದೆ ಹೋಗಲೊಲ್ಲದು. ಕೊನೆಗೂ ಒಂದು ಪುಟ ತುಂಬಿಸಿ, ಮನೆಯವರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಓದಿದ. ಬಾಲ್ಯದಿಂದಲೂ ಭಾಷೆಯ ಬಗ್ಗೆ ತನಗಿದ್ದ ಅಪಾರ ಒಲವು, ಜ್ಞಾನದ ದಾಹ, ಸಮಾಜಕ್ಕೆ ಸಲ್ಲಿಸಬೇಕಾದ ಸೇವೆ, ಅವಿರತ ಪರಿಶ್ರಮ ಎಲ್ಲವೂ ಅದರಲ್ಲಿದ್ದವು. ಓದುತ್ತಾ ಓದುತ್ತಾ ಅವನ ದನಿಯೇ ಗದ್ಗದವಾಯಿತು.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮೆಲ್ಲಗೆ ಕೇಳಿದರು, “ಪಾಪ, ಯಾರು ತೀರ್ಕೊಂಡಿದ್ದು?”

ಹೆಂಡತಿ ಮುಖ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಕೊನೆಗೆ ಇತ್ತ ತಿರುಗಿ, “ರೀ, ಬಾಲ್ಯದಲ್ಲಿ ನಿಮಗೆ ಭಾಷೆಯಲ್ಲಿ ಜಸ್ಟ್ ಪಾಸು. ನಿಮ್ಮಮ್ಮನೇ ಹೇಳಿದ್ರು” ಎಂದಳು. “ಆ ನಾಯಿ ಗಂಡ-ಹೆಂಡ್ತಿ ಕತೆ ಹೇಳ್ತೀರಲ್ಲ ಊಟದಲ್ಲಿ, ಅದನ್ನ ಬರೀರಿ.”

“ಅದನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬರೀತಾರಾ?”

“ಇದನ್ನ ಬರೆದ್ರೆ ಹೂವಿನ ಹಾರ ಕಳಿಸ್ತಾರೆ.”

ಅವನಿಗೆ ಕೋಪ ಬಂತು. ಎರಡು ದಿನ ಗಾಳಿ ಹೋದ ಬಲೂನಿನಂತೆ ಓಡಾಡಿದ. ಮೂರನೆಯ ದಿನ ಆ ಗಂಡ-ಹೆಂಡತಿಯ ನಾಯಿಯ ಕತೆ, ಮುದಿ ನಾಯಿಗೆ ಬಹುವಚನದ ಕತೆ ಎರಡನ್ನೂ ಹೇಗಿದ್ದವೋ ಹಾಗೇ ಬರೆದ. ಕೊನೆಗೆ ‘ಇದು ಯಾಕೆ ಹೀಗೆ ಎಂದು ನನಗೆ ಗೊತ್ತಿಲ್ಲ, ಗೊತ್ತಾದರೆ ಚೆನ್ನಾಗಿರುತ್ತದೆ’ ಎಂದು ಮುಗಿಸಿದ. ಜ್ಞಾನದ ದಾಹವನ್ನು ಮಾತ್ರ ಎಲ್ಲಾದರೂ ಒಂದು ಕಡೆ ತುರುಕಬೇಕೆಂದು ಕೈ ತುರಿಸುತ್ತಿತ್ತು. ಹೆಂಡತಿ ಬಿಡಲಿಲ್ಲ.

ಇನ್ನು ಬೇಕಾದದ್ದು ಕಾಲೇಜಿನ ಮೇಷ್ಟ್ರೊಬ್ಬರ ಶಿಫಾರಸು. “ನಾನೇ ಕೊಡ್ಲಾ ಭಾವ?” ಎಂದು ಭಾವಮೈದ ಫೋನಿನಲ್ಲಿ ಕೇಳಿದ. ಪಾಪ, ಅವನದು ಒಳ್ಳೆಯ ಮನಸ್ಸು. ಆದರೆ ತಾನು ಬಸ್ಸು ಹತ್ತಿಸಿದವನ ಕೈಯಿಂದಲೇ ತನಗೆ ಟಿಕೆಟ್ಟು ಕೊಡಿಸಿಕೊಳ್ಳುವಷ್ಟು ಅವನು ಇಳಿದಿರಲಿಲ್ಲ. ಇನ್ನೂ ಒಂದೆರಡು ಮೆಟ್ಟಿಲು ಬಾಕಿ ಇದ್ದವು. ಕಾಲೇಜಿನಲ್ಲಿ ಭಾಷೆ ಕಲಿಸಿದ್ದ ಮೇಷ್ಟ್ರನ್ನು ಹುಡುಕಿಕೊಂಡು ಹೋದ. ನಿವೃತ್ತರಾಗಿ ಮಗಳ ಮನೆಯ ಮೂರನೇ ಮಹಡಿಯಲ್ಲಿದ್ದರು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಪಾದ ಚಾಚಿ ಕೂತಿದ್ದರು.

ಮೇಷ್ಟ್ರು ಅವನನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು. “ಹಿಂದಿನ ಬೆಂಚಾ?”

“ಮಧ್ಯದ್ದು ಸಾರ್.”

“ಜಗಳ ಗಿಗಳ ಏನಾದ್ರೂ ಮಾಡಿದ್ಯಾ?”

“ಇಲ್ಲ ಸಾರ್.”

“ನಾಟಕ, ಭಾಷಣ?”

“ಒಂದ್ಸಲ ಭಾಷಣಕ್ಕೆ ಹೆಸರು ಕೊಟ್ಟಿದ್ದೆ. ಆಮೇಲೆ ಜ್ವರ ಬಂತು.”

ಮೇಷ್ಟ್ರು ನಿಟ್ಟುಸಿರು ಬಿಟ್ಟರು. “ನಿನ್ನ ನೆನಪು ಒಂಚೂರೂ ಇಲ್ಲ ಕಣಪ್ಪ. ಬೇಜಾರು ಮಾಡ್ಕೋಬೇಡ. ತಲೆ ತಿಂದವರೆಲ್ಲ ನೆನಪಿದಾರೆ. ನೆನಪಿಲ್ಲ ಅಂದ್ಮೇಲೆ ನೀನು ಒಳ್ಳೇವ್ನೇ ಇರ್ಬೇಕು. ಹಾಗಂತಲೇ ಬರೀತೀನಿ.”

ನಿಜವಾಗಿಯೂ ಹಾಗೆಯೇ ಬರೆದರು. ಮೆಟ್ಟಿಲಿಳಿಯುವಾಗ ಅದನ್ನು ಓದಿದ ಅವನಿಗೆ ತನ್ನ ಬಗ್ಗೆ ಇಷ್ಟು ಸತ್ಯವಾದ ಶಿಫಾರಸನ್ನು ಬೇರೆ ಯಾರೂ ಬರೆಯಲಾರರು ಎನ್ನಿಸಿತು.

ಪ್ರವೇಶ ಪರೀಕ್ಷೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೇಗ ಹೋದ. ತಪ್ಪಾಗಿದ್ದು ಆ ಅಂಗಿಯಿಂದಲೇ. ಅವನು ಕೋಣೆಯೊಳಕ್ಕೆ ಕಾಲಿಟ್ಟ ಕೂಡಲೇ ಅಲ್ಲಿದ್ದ ಹುಡುಗ ಹುಡುಗಿಯರೆಲ್ಲ ಮಾತು ನಿಲ್ಲಿಸಿ, ಚೀಲಗಳನ್ನು ಕಾಲಡಿಗೆ ತಳ್ಳಿ ನೆಟ್ಟಗೆ ಕೂತರು. “ಸಾರ್, ಬ್ಯಾಗ್ ಹೊರಗಿಡ್ಬೇಕಾ?” ಎಂದೊಬ್ಬಳು ಕೇಳಿದಳು. ಏನು ಹೇಳಬೇಕೋ ತೋಚದೆ ಅವನು “ಹೊರಗಿಡಿ” ಎಂದ. ಎಲ್ಲರೂ ಎದ್ದು ಹೋಗಿ ಹೊರಗಿಟ್ಟು ಬಂದರು. ಆಮೇಲೆ ಅವನು ಮೂರನೇ ಸಾಲಿನ ಬೆಂಚಿನೊಳಗೆ ಮೊಣಕಾಲು ಮಡಚಿಕೊಂಡು ತೂರಿಕೊಂಡಾಗ ಆ ಹುಡುಗಿ ನೋಡಿದ ನೋಟವನ್ನು ಪ್ರಶ್ನೆಪತ್ರಿಕೆ ಬರುವವರೆಗೆ ಅವನು ಬೆನ್ನಿನ ಮೇಲೆ ಹೊತ್ತು ಕೂತ. ಪರೀಕ್ಷೆ ಮಾತ್ರ ಅಷ್ಟು ಕಷ್ಟವಾಗಲಿಲ್ಲ. ಅಷ್ಟು ವರ್ಷ ಹೊಲಿಸಿಟ್ಟ ಪ್ರಶ್ನೆಪತ್ರಿಕೆಗಳು ಒಂದಿಷ್ಟಾದರೂ ಉಪ್ಪಿನ ಋಣ ತೀರಿಸಿದವು. ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು. ನಡುವೆ ವಿಭಾಗದ ಮುಖ್ಯಸ್ಥೆ, ಬೆಳ್ಳಗಿನ ಗಿಡ್ಡ ಕೂದಲಿನ ಹಿರಿಯ ಮೇಡಂ. ಎರಡೂ ಪಕ್ಕದಲ್ಲಿ ಇಬ್ಬರು ಅಧ್ಯಾಪಕರು, ಒಬ್ಬರು ಗಡ್ಡದವರು, ಒಬ್ಬರು ಗಡ್ಡವಿಲ್ಲದವರು. ಮೇಜಿನ ಮೇಲೆ ಚಹಾ, ತಟ್ಟೆಯಲ್ಲಿ ಬಿಸ್ಕತ್ತು. ಬೆಳಗಿನಿಂದ ಒಬ್ಬರ ಹಿಂದೊಬ್ಬರನ್ನು ಪ್ರಶ್ನಿಸಿ ಮೂವರ ಮುಖವೂ ಬಾಡಿಹೋಗಿತ್ತು.

ಗಡ್ಡದವರು ಸುಲಭದ್ದೇ ಕೇಳಿದರು, “ಧ್ವನಿಮಾ ಅಂದ್ರೆ ಏನು?”

‘ಪದದ ಅರ್ಥ ಬದಲಿಸಬಲ್ಲ ಅತಿ ಚಿಕ್ಕ ಧ್ವನಿ’ ಎಂದು ಅವನು ಇದನ್ನು ಭಾವಮೈದನಿಗೆ ಉರು ಹೊಡೆಸಿದ್ದವನು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದ. ಆದರೆ ಎಚ್ಚರದಲ್ಲಿ ಕೇಳಿದರೆ ಏನು ಮಾಡುವುದು? ತಲೆಯೆಲ್ಲ ಖಾಲಿ ಬಿಳಿ ಫಿಲ್ಮಿನಂತಾಯಿತು. “ಧ್ವನಿಮಾ ಅಂದ್ರೆ… ಧ್ವನಿಗಳಿಗೆಲ್ಲ ಒಂಥರಾ… ತಾಯಿ ಇದ್ದ ಹಾಗೆ” ಎಂದು ತನ್ನದೇ ಬಾಯಿ ಹೇಳುವುದು ಅವನಿಗೆ ಕೇಳಿಸಿತು.

ಗಡ್ಡವಿಲ್ಲದವರು ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ‘ಟಕ್’ ಶಬ್ದದಲ್ಲೇ ತನ್ನ ಎಂ.ಎ. ಮುಗಿಯಿತೆಂದು ಅವನಿಗೆ ಅರ್ಥವಾಯಿತು. ನಾಚಿಕೆಯ ಜೊತೆಗೆ ಒಳಗೊಳಗೇ ಹಗುರವೂ ಆಯಿತೆಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇನ್ನು ಯಾರೂ ಅವನನ್ನು ಅರ್ಜಿ ಹಾಕಲಿಲ್ಲ ಎನ್ನುವಂತಿರಲಿಲ್ಲ. ಹಾಕಿದೆ, ಅವರು ತಗೊಳ್ಳಲಿಲ್ಲ. ಇಂಥ ಸೋಲಿನ ಮೇಲೆ ಉಳಿದ ಆಯುಷ್ಯವನ್ನೆಲ್ಲ ಮಾನದಿಂದ ಕಳೆಯಬಹುದು.

ಅಷ್ಟರಲ್ಲಿ ಮೇಡಂ ಕಚ್ಚಿದ್ದ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಮೊದಲು ಸಣ್ಣ ಕೆಮ್ಮು, ಆಮೇಲೆ ದೊಡ್ಡದು, ಆಮೇಲೆ ಶಬ್ದವೇ ಇಲ್ಲ. ಮುಖ ಕೆಂಪಾಯಿತು. ಗಡ್ಡದವರು ಎದ್ದು ನಿಂತರು. ಗಡ್ಡವಿಲ್ಲದವರು ನೀರಿನ ಲೋಟವನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತರು. ಇಬ್ಬರಿಗೂ ಕೈಕಾಲು ಆಡಲಿಲ್ಲ.

ಅವನು ಯಾವಾಗ ಮೇಜು ಸುತ್ತಿಕೊಂಡು ಹೋದನೋ ಅವನಿಗೇ ತಿಳಿಯದು. ಒಂದು ಕೈ ಮೇಡಂ ಎದೆಯ ಮೇಲ್ಭಾಗಕ್ಕೆ ಆಸರೆ ಕೊಟ್ಟು ಅವರನ್ನು ಮುಂದಕ್ಕೆ ಬಾಗಿಸಿತು, ಇನ್ನೊಂದು ಕೈ ಬೆನ್ನಿನ ನಡುವೆ ಬಲವಾಗಿ ಬಡಿಯತೊಡಗಿತು. ಕೈಯ ಜೊತೆ ಬಾಯಿಯೂ ಶುರುವಾಯಿತು.

“ಏನಿಲ್ಲ, ಏನಿಲ್ಲ ಕಣೋ. ಬಂಗಾರ ಅಲ್ವಾ ನೀನು. ಆಯ್ತು, ಆಗೋಯ್ತು, ಇನ್ನೊಂದೇ ಒಂದು ಸಲ. ಹಾಂ, ಬಂತು ನೋಡು. ಜಾಣ, ಜಾಣ ಮರಿ.”

ಬಿಸ್ಕತ್ತಿನ ಚೂರು ಹೊರಗೆ ಬಂದು ಮುಂದಿದ್ದ ಕಾಗದದ ಮೇಲೆ ಬಿತ್ತು. ಮೇಡಂ ಉಸಿರೆಳೆದುಕೊಂಡರು. ಅವನ ಕೈ ಇನ್ನೂ ಅವರ ಬೆನ್ನಿನ ಮೇಲಿತ್ತು, ಅಷ್ಟೇ ಅಲ್ಲ, ನೇವರಿಸುತ್ತಿತ್ತು. ಅದು ತನ್ನದೇ ಕೈ ಎಂದು ಗೊತ್ತಾದೊಡನೆ ಕೆಂಡ ಮುಟ್ಟಿದವನಂತೆ ಎಳೆದುಕೊಂಡ. ಭೂಮಿ ಬಾಯಿ ಬಿಡಲೆಂದು ಕಾದ. ಅದು ಬಿಡಲಿಲ್ಲ.

ಮೇಡಂ ಕಣ್ಣೊರೆಸಿಕೊಂಡರು, ನೀರು ಕುಡಿದರು, ಕನ್ನಡಕ ಏರಿಸಿಕೊಂಡು ಅವನನ್ನು ಮೊದಲ ಸಲವೆಂಬಂತೆ ನೋಡಿದರು.

“ಕೂತ್ಕೊಳ್ಳಿ. ಈಗ ನೀವು ಆಡಿದ್ರಲ್ಲ ಮಾತು, ಅದು ಯಾರಿಗೆ ಆಡೋದು?”

“ತಪ್ಪಾಯ್ತು ಮೇಡಂ. ಬಾಯಿ ತಪ್ಪಿ ಬಂತು. ನಾಯಿಗಳಿಗೆ… ಅಂದ್ರೆ ಆಸ್ಪತ್ರೆಯಲ್ಲಿ…”

“ನನಗೆ ಜಾಣ ಅಂದ್ರಿ. ಜಾಣೆ ಅನ್ಲಿಲ್ಲ. ಹೆಣ್ಣು ನಾಯಿಗೂ ಜಾಣ ಅಂತೀರಾ?”

ಅವನು ಯೋಚಿಸಿದ. ಉರು ಹೊಡೆದದ್ದು ಯಾವುದೂ ಇಲ್ಲಿ ಕೆಲಸಕ್ಕೆ ಬಾರದ್ದರಿಂದ ನಿಜವಾಗಿಯೇ ಯೋಚಿಸಬೇಕಾಯಿತು. “ಹೌದು ಮೇಡಂ. ಹೆಣ್ಣು ಬೆಕ್ಕಿಗೂ ಬಾರೋ ಅಂತೀನಿ. ಮುದ್ದು ಜಾಸ್ತಿ ಆದ್ರೆ ಬಾರೋ ಆಗ್ಬಿಡತ್ತೆ.”

“ಗಂಡು ನಾಯಿಗೆ ಬಾರೇ ಅಂತೀರಾ?”

“ಇಲ್ಲ. ಆದ್ರೆ ಅನ್ನೋರನ್ನ ನೋಡಿದೀನಿ. ಅಜ್ಜಿಯಂದ್ರು ಅಂತಾರೆ.”

“ಮತ್ತೆ ನೀವು ಬರೆದಿರೋದ್ರಲ್ಲಿ ಬಂದೋರ ಮಾತೆಲ್ಲ ಇದೆ. ಆ ಹಿರಿಯ ಹೆಂಗಸಿಂದು, ಗಂಡ-ಹೆಂಡ್ತಿದು. ನಿಮ್ಮ ಮಾತೇ ಇಲ್ವಲ್ಲ.”

ಇಷ್ಟು ವರ್ಷ ಆ ಕೋಣೆಯಲ್ಲಿ ಬಂದವರೆಲ್ಲರ ಮಾತಿಗೆ ಕಿವಿ ಕೊಟ್ಟವನಿಗೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನೊಬ್ಬ ಕೇಳಿಸಿಯೇ ಇರಲಿಲ್ಲ. ಬೇರೆಯವರನ್ನು ನೋಡಿ ಊಟದ ಹೊತ್ತಲ್ಲಿ ನಗುವಾಗ, ತಾನೇನೋ ಬಾಗಿಲ ಹೊರಗೆ ನಿಂತು ನೋಡುವ ಜಂಟಲ್‌ಮನ್ ಎಂದುಕೊಂಡಿದ್ದ.

“ನಾನು ಮಾತಾಡ್ತೀನಿ ಅಂತಾನೇ ನನಗೆ ಗೊತ್ತಿರ್ಲಿಲ್ಲ ಮೇಡಂ” ಎಂದ.

ಗಡ್ಡವಿಲ್ಲದವರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಆಮೇಲೆ ಅರ್ಧ ಗಂಟೆ ಹೊತ್ತು ನಡೆದದ್ದನ್ನು ಸಂದರ್ಶನ ಎನ್ನುವುದಕ್ಕಿಂತ ಹರಟೆ ಎನ್ನಬಹುದು. ಗಡ್ಡದವರು ತಮ್ಮ ಮನೆಯ ಗಿಳಿಗೆ ತಾವು ಬೈಯುವುದು ಹೆಂಡತಿಯ ತವರಿನ ಭಾಷೆಯಲ್ಲಿ ಎಂದು ಒಪ್ಪಿಕೊಂಡರು. ಹೊರಗೆ ಕಾಯುತ್ತಿದ್ದವರು, ಒಳಗೆ ಯಾರೋ ದೊಡ್ಡ ಶಿಫಾರಸಿನವರು ಹೋಗಿದ್ದಾರೆಂದು ಗುಸುಗುಸು ಮಾಡಿಕೊಂಡರಂತೆ.

ಮೊದಲ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಧ್ವನಿಮಾ ತಾಯಿ ಅಷ್ಟು ಸುಲಭಕ್ಕೆ ಕ್ಷಮಿಸುವವಳಲ್ಲ. ಯಾರೋ ಒಬ್ಬರು ಬೇರೆ ಕಡೆ ಸೇರಿಕೊಂಡ ಮೇಲೆ ಫೋನು ಬಂತು. ಬರುವುದಾದರೆ ವಾರದೊಳಗೆ ಹೇಳಿ ಎಂದರು.

ಆ ವಾರ ಅವನು ನಡೆದುಕೊಂಡ ರೀತಿ ಹೇಳಿಕೊಳ್ಳುವಂಥದ್ದಲ್ಲ. ಮೊದಲನೆಯದಾಗಿ ಅವನಿಗೆ ಬೆನ್ನು ನೋವು ಬಂತು. ಆಮೇಲೆ ಭಾಷಾವಿಜ್ಞಾನಕ್ಕೆ ಭವಿಷ್ಯವಿಲ್ಲ ಎಂಬ ಅನುಮಾನ ಬಂತು. ಈ ವಯಸ್ಸಿನಲ್ಲಿ ತಾನು ಒಂದು ಸೀಟು ತಗೊಂಡರೆ ಯಾವುದೋ ಬಡ ಹುಡುಗನ ಬಾಯಿಗೆ ಮಣ್ಣು ಹಾಕಿದಂತಲ್ಲವೇ ಎಂಬ ಉದಾತ್ತ ಚಿಂತೆಯೂ ಬಂತು. ಅದನ್ನು ಹೆಂಡತಿಗೆ ಹೇಳಿದಾಗ ಅವಳು, “ಆ ಹುಡುಗನ ಫೋನ್ ನಂಬರ್ ಕೊಡಿ, ಮಾತಾಡ್ತೀನಿ” ಎಂದಳು.

ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋಗಿ ನಿಂತ. “ಮೇಡಂ, ಬೆಳಗ್ಗೆ ಪಾಠ, ಮಧ್ಯಾಹ್ನ ಕೆಲಸ, ಸುಸ್ತಾಗಿ ಕೆಲಸದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಸ್ಪತ್ರೆಗೆ ಕೆಟ್ಟ ಹೆಸರು. ನೀವು ಬೇಡ ಅಂದ್ರೆ ನಾನು ಖಂಡಿತ…”

“ನಾನ್ಯಾಕೆ ಬೇಡ ಅನ್ಲಿ?” ಎಂದರು ಡಾಕ್ಟರಮ್ಮ, ಬೆಕ್ಕಿನ ಹಲ್ಲು ನೋಡುತ್ತಾ. “ಬೇಡ ಅಂತ ನಿಮಗೆ ಅನ್ಸಿದ್ರೆ ನೀವೇ ಅನ್ನಿ.”

ಅದನ್ನು ಅನ್ನುವುದಕ್ಕೆಂದು ಅವನು ಮನೆಗೆ ಬಂದ. ಹೆಂಡತಿ ಈಜುಕೊಳದಿಂದ ಬಂದು ಒದ್ದೆ ಕೂದಲು ಹರವಿಕೊಂಡು ಕೂತಿದ್ದಳು. ಅವನು ಎದುರಿಗೆ ಕೂತು, ಈ ಸಲ ನಗದೆ ಹೇಳಿದ, “ನಂಗೆ ಹೆದರಿಕೆ ಆಗ್ತಿದೆ ಕಣೆ. ಇಷ್ಟು ವರ್ಷ ನಾನು ಬುದ್ಧಿವಂತ, ಅವಕಾಶ ಸಿಗ್ಲಿಲ್ಲ ಅಂದ್ಕೊಂಡು ಇದ್ದೆ. ಹೋಗಿ ಕೂತ್ಮೇಲೆ ದಡ್ಡ ಅಂತ ಗೊತ್ತಾಗ್ಬಿಟ್ರೆ ಆಮೇಲೆ ಏನಂದ್ಕೊಂಡು ಇರ್ಲಿ?”

ಅವಳ ದನಿ ಒಂದು ಸುತ್ತು ತಗ್ಗಿದ್ದು ಅವನಿಗೆ ಗೊತ್ತಾಯಿತು. “ದಡ್ಡರಾದ್ರೆ ಏನೀಗ. ನಾನೇನು ಬುದ್ಧಿವಂತರು ಅಂತ ಮದ್ವೆ ಆದ್ನಾ” ಎಂದಳು. ಕೂದಲು ಕೊಡವುತ್ತಾ, “ಮಾರ್ಕ್ಸ್ ಕಾರ್ಡ್ ನಾನೂ ನೋಡಿದ್ದೆ” ಎಂದು ಸೇರಿಸಿದಳು.

ಅದು ಸಮಾಧಾನವೋ ಅವಮಾನವೋ ಅವನಿಗೆ ಬಗೆಹರಿಯಲಿಲ್ಲ. ಆದರೆ ಮರುದಿನ ಬೆಳಗ್ಗೆ ಹೋಗಿ ಸೇರಿಕೊಂಡ.

ದಡ್ಡತನ ಮೊದಲ ತಿಂಗಳಲ್ಲೇ ಗೊತ್ತಾಯಿತು. ಧ್ವನಿವಿಜ್ಞಾನದ ಮೊದಲ ಕಿರುಪರೀಕ್ಷೆಯಲ್ಲಿ ಅವನು ತರಗತಿಯಲ್ಲೇ ಕೊನೆಯವನಾದ. ಗೊತ್ತಾದ ಮೇಲೆ ಏನಾಗಬಹುದೆಂದು ಹೆದರಿದ್ದನೋ ಅಂಥದ್ದೇನೂ ಆಗಲಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿ, ಅವತ್ತು ಬ್ಯಾಗ್ ಹೊರಗಿಡಬೇಕಾ ಎಂದು ಕೇಳಿದ್ದವಳೇ, “ಅಂಕಲ್, ನಾಲಿಗೆ ಎಲ್ಲಿ ತಾಗ್ತಿದೆ ನೋಡ್ಕೊಂಡು ಹೇಳಿ” ಎಂದು ತರಗತಿಗಳ ನಡುವಿನ ಬಿಡುವಿನಲ್ಲಿ ಹೇಳಿಕೊಟ್ಟಳು. ಅವನು ಮಧ್ಯಾಹ್ನ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಬಾಯಿ ಅರ್ಧ ತೆರೆದುಕೊಂಡು ನಾಲಿಗೆ ಎಲ್ಲಿ ತಾಗುತ್ತದೆಂದು ನೋಡಿಕೊಳ್ಳುತ್ತಿದ್ದ. ಪಕ್ಕದ ಸೀಟು ಸಾಮಾನ್ಯವಾಗಿ ಖಾಲಿಯೇ ಇರುತ್ತಿತ್ತು.

ಆಮೇಲೆ ಮೇಡಂ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ನಡೆಯುವ ಮಾತನ್ನು, ಮನೆಯವರ ಒಪ್ಪಿಗೆ ತಗೊಂಡು, ಧ್ವನಿಮುದ್ರಣ ಮಾಡಿ ತನ್ನಿ ಎಂದರು. ಇದಕ್ಕಿಂತ ಸುಲಭದ್ದು ಯಾವುದಿದೆ, ನಮ್ಮ ಮನೆಯಲ್ಲಿ ಬೇಡವೆಂದರೂ ಮಾತು ನಿಲ್ಲುವುದಿಲ್ಲ ಎಂದುಕೊಂಡು ಅವನು ತಟ್ಟೆಗಳ ನಡುವೆ ಫೋನನ್ನು ನಿಲ್ಲಿಸಿದ.

ಮನೆಗೆ ದೊಡ್ಡ ಮನುಷ್ಯರು ಬಂದಂತಾಯಿತು. ಅತ್ತೆ ಸೆರಗು ಸರಿಮಾಡಿಕೊಂಡು, “ಅಳಿಯಂದಿರೇ, ಇನ್ನೂ ಸ್ವಲ್ಪ ಅನ್ನವನ್ನು ಬಡಿಸಲೇ?” ಎಂದರು. ಈ ‘ಅನ್ನವನ್ನು’ ಅವರ ಬಾಯಲ್ಲಿ ಅವನು ಹಿಂದೆಂದೂ ಕೇಳಿರಲಿಲ್ಲ.

“ಬೇಡ ಅತ್ತೆ, ಮಾಮೂಲಿ ಮಾತಾಡಿ.”

“ಮಾಮೂಲಾಗಿಯೇ ಮಾತನಾಡುತ್ತಿದ್ದೇನೆ.”

ಹೆಂಡತಿ ತುಟಿ ಕಚ್ಚಿಕೊಂಡು ನಗು ತಡೆಯುತ್ತಾ, “ದಯವಿಟ್ಟು ನೀರಿನ ಲೋಟವನ್ನು ಇತ್ತ ಸರಿಸುತ್ತೀರಾ?” ಎಂದಳು. ಮೂವರೂ ಸ್ವಲ್ಪ ಹೊತ್ತು ಸಭ್ಯವಾಗಿ ಅಗಿದರು. ಅವನೂ ಏನೂ ತೋಚದೆ, “ಇಂದು ಹವೆ ಚೆನ್ನಾಗಿದೆ” ಎಂದ. ಹೇಳಿದ ಮೇಲೆ ಅವನಿಗೇ ಮೈ ಜುಮ್ಮೆಂದಿತು.

ಪುಣ್ಯಕ್ಕೆ ಆಗ ಮೇಲಿನ ಮನೆಯವರು ಬಾಲ್ಕನಿ ತೊಳೆದ ನೀರು ಇವರ ಒಣಹಾಕಿದ ಬಟ್ಟೆಯ ಮೇಲೆ ಸುರಿಯಿತು. ಅತ್ತೆ ಎಂಜಲುಗೈಯಲ್ಲೇ ಎದ್ದು ಕಿಟಕಿಗೆ ಹೋದರು. ಮುಂದಿನ ಹತ್ತು ನಿಮಿಷ ಅವರ ಬಾಯಿಂದ ಹೊರಟದ್ದಕ್ಕೆ ಯಾವ ವ್ಯಾಕರಣವೂ ಅಡ್ಡ ಬರಲಿಲ್ಲ. ಹೆಂಡತಿ ಅಮ್ಮನನ್ನು ಸುಮ್ಮನಿರಿಸಲು ಅವರಿಗಿಂತ ಜೋರಾಗಿ ಕೂಗಿದಳು. ಇಬ್ಬರನ್ನೂ ಸುಮ್ಮನಿರಿಸಲು ಅವನೂ ಕೂಗಿದ. ಮೇಲಿನ ಮನೆಯವರೂ ತಮ್ಮ ಪಾಲು ಸಲ್ಲಿಸಿದರು. ಅವರ ಒಪ್ಪಿಗೆ ಆಮೇಲೆ ಹೋಗಿ ಕೇಳಿದರಾಯಿತು, ಕೊಡದಿದ್ದರೆ ಅಷ್ಟನ್ನು ಕತ್ತರಿಸಿದರಾಯಿತು ಎಂದು ಅವನು ಫೋನಿನ ಕಡೆ ಕಣ್ಣು ಹಾಯಿಸಿದ. ಅದು ತಟ್ಟೆಗಳ ನಡುವೆ ನಿಷ್ಠೆಯಿಂದ ನಿಂತಿತ್ತು.

ಗಲಾಟೆ ತಣ್ಣಗಾಗಿ ಎಲ್ಲರೂ ಕೈತೊಳೆದ ಮೇಲೆ ಅತ್ತೆ ಪಕ್ಕಕ್ಕೆ ಬಂದು ಕೂತು, “ಎಲ್ಲಿ, ಹಾಕಿ ನೋಡೋಣ” ಎಂದರು. ಅವನು ಹಾಕಿದ. ಅನ್ನವನ್ನು ಬಡಿಸುವ ಭಾಗ ಕೇಳಿ ಅವರು ಗಂಭೀರವಾಗಿ ತಲೆಯಾಡಿಸಿದರು. ಕಿಟಕಿಯ ಭಾಗ ಶುರುವಾದ ಮೇಲೆ ಕತ್ತು ವಾಲಿಸಿ, ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಕೇಳಿದರು.

“ಯಾರ್ರೀ ಈ ಹೆಂಗಸು” ಎಂದರು ಕೊನೆಗೆ. “ಸಂಸಾರಸ್ಥರ ಮನೆಯಲ್ಲಿ ಹೀಗಾ ಕಿರುಚೋದು?”